ಮಹಿಳಾ ವಿಭಾಗದ ಹೊರಗೆ ನಿಂತ ದುಭಾಷಿ

ಇವತ್ತು ರಜೆ. ಎ.ಸಿ. ಜಾಲರಿ ತೊಳೆದೆ, ಅಲ್ ಮನ್ಸೂರಾ ಪೇಟೆಗೆ ಹೋಗಿ ಮೆಂತ್ಯ ಸೊಪ್ಪು ತಂದೆ, ಅಂಗಿಗಳಿಗೆ ಇಸ್ತ್ರಿ ಹಾಕಿದೆ, ಹೆಂಡತಿ ಗಿರಿಜಾಳನ್ನು ಹೆಲ್ತ್ ಸೆಂಟರಿಗೆ ಕರೆದೊಯ್ದೆ. ಕೊನೆಯದೊಂದನ್ನು ಬಿಟ್ಟು ಉಳಿದದ್ದೆಲ್ಲ ಸುಸೂತ್ರ!

ಗಿರಿಜಾ ಮಗಳ ಮದುವೆ ಮುಗಿಸಿ ಹೋದ ವರ್ಷ ಧಾರವಾಡದಿಂದ ಈ ಗಲ್ಫ್ ಊರಿಗೆ ಬಂದವಳು. ಕನ್ನಡ ಬಿಟ್ಟರೆ ಬೇರೆ ಭಾಷೆ ಬಾರದು. "ಒಮ್ಮೆ ಡಾಕ್ಟರಿಗೆ ತೋರಿಸ್ರಿ" ಅಂದಿದ್ದಳು. ಏನು ತೊಂದರೆ ಎಂದು ಕೇಳುವ ಪ್ರಮೇಯವೇ ಬರಲಿಲ್ಲ. ಮೆಟ್ಟಿಲ ಮೇಲೆ ಅವಳು ಮೊಣಕಾಲು ಹಿಡಿದದ್ದನ್ನು ನಾನೇ ಕಣ್ಣಾರೆ ಕಂಡಿದ್ದೆ.

"ನೀ ಸುಮ್ನ ಕುಂದರು. ಮಾತೆಲ್ಲಾ ನಾ ಆಡ್ತೀನಿ" ಎಂದು ದಾರಿಯುದ್ದಕ್ಕೂ ಅಭಯ ನೀಡಿದೆ.

ಮಹಿಳಾ ವಿಭಾಗದ ಬಾಗಿಲಲ್ಲಿ ಕಾವಲುಗಾರ ಕೈ ಅಡ್ಡ ಹಿಡಿದ. "ಸರ್, ಲೇಡೀಸ್ ಓನ್ಲಿ."

"ಐ ಆಮ್ ಹಸ್ಬೆಂಡ್!"

ಅವನು ಎದುರಿನ ಹಾಲ್ ತೋರಿಸಿದ. ಅಲ್ಲಿ ಸಾಲಾಗಿ ಗಂಡಸರು ಕೂತಿದ್ದರು. "ಎಲ್ಲರೂ ಹಸ್ಬೆಂಡೇ ಸರ್."

ಗಿರಿಜಾ ಒಬ್ಬಳೇ ಒಳಗೆ ಹೋದಳು. ಆ ಸಾಲಿಗೆ ನಾನೂ ಸೇರಿದೆ. ತಡೆಯಲಾರದೆ ಅವಳಿಗೆ ಫೋನ್ ಮಾಡಿ, "ರೈಟ್ ನೀ ಪೇನ್ ಅನ್ನು! ರೈಟ್ ನೀ!" ಎಂದು ಕಿರುಚಿದೆ. ಹಾಲ್‌ನಲ್ಲಿದ್ದ ಅಷ್ಟೂ ತಲೆಗಳು ನನ್ನ ಮೊಣಕಾಲಿನತ್ತ ತಿರುಗಿದವು.

ಆ ಕಡೆಯಿಂದ ಬಂದದ್ದು ಯಾರೋ ಕರಾವಳಿ ಹೆಂಗಸಿನ ದನಿ. "ಅಣ್ಣಾ, ನಾನು ಬಂಟ್ವಾಳದ ಜೋಹರಾ. ನಿಮ್ಮವರ ಪಕ್ಕದಲ್ಲೇ ಇದ್ದೇನೆ, ಡಾಕ್ಟರ್ ಹತ್ರ ನಾನು ಹೇಳ್ತೇನೆ ಮಾರಾಯ್ರೆ. ನೀವು ಫೋನ್ ಇಡಿ."

ಇಟ್ಟೆ. ದುಭಾಷಿಯ ಉದ್ಯೋಗ ಹೋಯಿತು!

ಗಿರಿಜಾ ಕಣ್ಣು ಒರೆಸಿಕೊಳ್ಳುತ್ತ ಹೊರಬಂದಳು. ಮುಖ ಮಾತ್ರ ಹಗುರಾಗಿತ್ತು.

"ಮೊಣಕಾಲಿಗೆ ಏನಂದ್ರು?"

"ಮೊಣಕಾಲಿನ ಸುದ್ದೀನ ತಗೀಲಿಲ್ರೀ. ನೀವು ಕೆಲಸಕ್ಕ ಮೆಸಯೀದಿನ ಬಸ್ ಹತ್ತಿದ ಮ್ಯಾಲೆ ಸಂಜೀತನಕ ಗ್ವಾಡಿ ನೋಡ್ಕೊಂತ ಕುಂದರ್ತೀನಿ, ಅಳು ಬರ್ತೈತಿ ಅಂತ ಹೇಳಿದೆ. ಜೋಹರಾ ತಿಳಿಸಿ ಹೇಳಿದ್ರು."

"ನನಗ್ಯಾಕ ಹೇಳಲಿಲ್ಲ?"

"ನೀವು ಎದುರಿಗಿದ್ರ ನನ್ನ ಮಾತೂ ನೀವ ಆಡ್ತೀರಿ."

ಡಾಕ್ಟರಮ್ಮ ಗುಳಿಗೆ ಬರೆಯಲಿಲ್ಲವಂತೆ. ಅಲ್ಲೇ ವಾರಕ್ಕೊಮ್ಮೆ ಹೆಂಗಸರು ಸೇರಿ ಕಷ್ಟಸುಖ ಹೇಳಿಕೊಳ್ಳುತ್ತಾರೆ, ಬಾ ಎಂದರಂತೆ.

"ನಾನೂ ಬರ್ಲ್ಯಾ?"

"ಬರ್ರಿ, ಬಾಗಿಲತನಕ."

ಮಧ್ಯಾಹ್ನ ಚಪಾತಿ, ಜುಣಕ, ಮೊಸರು. ಉಂಡ ಮೇಲೆ ಪಕ್ಕದಲ್ಲಿ ಒರಗಿ, "ಈಗ ನೀ ಹೇಳು. ನಾ ಒಂದು ಮಾತೂ ಆಡೂದಿಲ್ಲ" ಎಂದು ಗಂಭೀರವಾಗಿ ಪ್ರಮಾಣ ಮಾಡಿದೆ. ಅವಳು ಮೆಲ್ಲಗೆ ಶುರುಮಾಡಿದಳು.

ಪ್ರಮಾಣಕ್ಕೆ ತಪ್ಪಲಿಲ್ಲ. ಒಂದು ಮಾತೂ ಆಡಲಿಲ್ಲ. ಮೊದಲು ನಿದ್ದೆ ಹೋದವನು ನಾನೇ. ಅವಳು ಎಲ್ಲಿಯವರೆಗೆ ಹೇಳಿದಳೋ ಗೊತ್ತಿಲ್ಲ.