ಸೀಟಿಯಿಂದ ಸೀಟಿಗೆ

ಎಲ್ಲ ತಾಪತ್ರಯವೂ ಶುರುವಾದದ್ದು ಹೆಬ್ಬೆರಳುದ್ದದ ಒಂದು ಹಿತ್ತಾಳೆ ಸೀಟಿಯಿಂದ.

ಸೈನ್ಯದಿಂದ ನಿವೃತ್ತರಾಗಿ ಬಂದ ಕ್ಯಾಪ್ಟನ್ನರು ದಿನಾ ಬೆಳಗಿನ ಜಾವ ತಮ್ಮ ಗೇಟಿನ ಮುಂದೆ ನಿಂತು ಅದನ್ನು ಊದುತ್ತಿದ್ದರು. ಬೀದಿಯ ಜನ ಏಳಬೇಕು, ಕೈಕಾಲು ಆಡಿಸಬೇಕು, ಗಟ್ಟಿಮುಟ್ಟಾಗಿರಬೇಕು; ಅವರ ಆಸೆ ಇಷ್ಟೇ. ಜನ ಕಣ್ಣುಜ್ಜಿಕೊಳ್ಳುತ್ತ ಹೊರಬಂದು, ಚಹಾದಲ್ಲಿ ನೆನೆದ ಬಿಸ್ಕತ್ತಿನಂತೆ ಬಾಗಿ ನಿಲ್ಲುತ್ತಿದ್ದರು. ಬಾಯ್ತುಂಬ ನಗುತ್ತಿದ್ದವರು ಒಬ್ಬರೇ, ದರ್ಜಿಯ ತಂದೆ. ವರಾಂಡದ ಕುರ್ಚಿಯಿಂದಲೇ ಸೆಲ್ಯೂಟ್ ಹೊಡೆಯುತ್ತಿದ್ದರು. ಅಜ್ಜನ ಕಿವಿ ಪೂರ್ತಿ ಮಂದ. ಕ್ಯಾಪ್ಟನ್ನರು ಕೆನ್ನೆ ಉಬ್ಬಿಸಿ ತಮ್ಮನ್ನು ನಗಿಸುತ್ತಿದ್ದಾರೆಂದೇ ಅವರ ನಂಬಿಕೆ.

ಇನ್ನು ತಮ್ಮಿಂದ ಯಾರಿಗೂ ಉಪಯೋಗವಿಲ್ಲವೇನೋ ಎಂಬ ಅಳುಕು ಕ್ಯಾಪ್ಟನ್ನರನ್ನು ನಿವೃತ್ತಿಯ ದಿನದಿಂದ ಕೊರೆಯುತ್ತಿತ್ತು. ಹೀಗಿರುವಾಗ ಬೀದಿಯವರೆಲ್ಲ ಒಟ್ಟಾಗಿ ಬಂದು ಬಾಗಿಲು ತಟ್ಟಿದರು.

"ಸಾರ್, ನೀವು ಇಲ್ಲಿರಬೇಕಾದೋರೇ ಅಲ್ಲ," ಎಂದ ದರ್ಜಿ. "ಪಾರ್ಲಿಮೆಂಟಲ್ಲಿ ಇರಬೇಕಾದೋರು."

"ಅದೂ ಐದು ವರ್ಷ ಪೂರ್ತಿ," ಎಂದರು ಹಲ್ಲಿನ ಡಾಕ್ಟರು.

"ನಿಮ್ಮ ಚಿಹ್ನೆ ಸೀಟಿ, ನಮ್ಮ ಘೋಷಣೆ 'ಸೀಟಿಯಿಂದ ಸೀಟಿಗೆ'!" ಎಂದರು ಭೂಗೋಳದ ಟೀಚರಮ್ಮ. "ರಾಜಧಾನಿ ಎಷ್ಟು ದೂರ ಅಂತ ನಾನು ನಕ್ಷೇಲಿ ಅಳೆದೇ ಬಂದಿದೀನಿ ಸಾರ್. ತುಂಬ ದೂರ."

ಕ್ಯಾಪ್ಟನ್ನರು ಚುನಾವಣೆಗೆ ನಿಲ್ಲಲು ಒಪ್ಪಿದರು. ಗಡಿಯಲ್ಲಿ ಗುಂಡಿಗೆ ಬಗ್ಗದ ಮನುಷ್ಯ, ಇಷ್ಟು ಪ್ರೀತಿಗೆ ಬಗ್ಗಿಬಿಟ್ಟರು.

ಪ್ರಚಾರದ ಕೊನೆಯ ದಿನ ಬಂತು. ಡಾಕ್ಟರ ಹಳೆಯ ವ್ಯಾನಿಗೆ ಧ್ವನಿವರ್ಧಕ ಕಟ್ಟಿ ಹೊರಟರು. ಏರಿನ ಅರ್ಧಕ್ಕೆ ಹೋದ ವ್ಯಾನು ಗುರುತ್ವಾಕರ್ಷಣೆಯ ನಿಯಮಕ್ಕೆ ತಲೆಬಾಗಿ ನಿಂತುಬಿಟ್ಟಿತು. ಕ್ಯಾಪ್ಟನ್ನರು ಇಳಿಯಹೋದರೆ ಯಾರೂ ಬಿಡಲಿಲ್ಲ. ಮೊಣಕಾಲು ನೋವೆಂದು ಕವಾಯತು ತಪ್ಪಿಸುತ್ತಿದ್ದ ಟೀಚರಮ್ಮನೂ ಸೆರಗು ಬಿಗಿದು ತಳ್ಳತೊಡಗಿದರು.

"ನಿಮಗೆಲ್ಲ ಯಾಕಪ್ಪಾ ಇಷ್ಟು ಕಷ್ಟ!" ಎಂದರು ಕ್ಯಾಪ್ಟನ್ನರು ಕಿಟಕಿಯಿಂದ ತಲೆ ಹೊರಹಾಕಿ.

"ನೀವು ಕೂತಿರಿ ಸಾರ್," ಏದುಸಿರು ಬಿಡುತ್ತ ದರ್ಜಿ ಹೇಳಿದ. "ಬೇಕಾದ್ರೆ ರಾಜಧಾನಿವರೆಗೂ ಹೀಗೇ ತಳ್ತೀವಿ!"

ಕ್ಯಾಪ್ಟನ್ನರು ಕರವಸ್ತ್ರಕ್ಕೆ ಕೈ ಹಾಕಿದರು.

ಮಾರುಕಟ್ಟೆಯಲ್ಲಿ ಭಾಷಣ. ಟೀಚರಮ್ಮ ಕಲಿಸಿಕೊಟ್ಟ 'ಮತದಾರ ಬಾಂಧವರೇ' ಎನ್ನುವ ಮಾತು ಆ ಜನಸಾಗರ ಕಂಡದ್ದೇ ಮರೆತುಹೋಗಿ, ಬಾಯಿಗೆ ಹಳೆಯ ರೂಢಿಯ ಮಾತು ಬಂತು.

"ಸಾವಧಾನ್!"

ಧ್ವನಿವರ್ಧಕ ಅದನ್ನು ಹತ್ತುಪಟ್ಟು ಮಾಡಿ ಎಸೆಯಿತು. ಟೊಮೆಟೊ ತೂಗುತ್ತಿದ್ದವನು ತಕ್ಕಡಿ ಬಿಟ್ಟು ನೆಟ್ಟಗೆ ನಿಂತ. ಟೊಮೆಟೊಗಳು ಇಳಿಜಾರಿನಲ್ಲಿ ಉರುಳಿದವು. ಚೌಕದ ಟ್ರಾಫಿಕ್ ಪೇದೆ ಎರಡೂ ಕೈ ತೊಡೆಗೆ ಅಂಟಿಸಿ ಕಂಬವಾದ. ನಾಲ್ಕೂ ದಿಕ್ಕಿನ ಗಾಡಿಗಳು ನಡುವೆ ಬಂದು ಗಂಟುಬಿದ್ದವು. ಗಾಬರಿಯಲ್ಲಿ 'ವಿಶ್ರಾಮ್' ಎನ್ನುವುದು ಕ್ಯಾಪ್ಟನ್ನರಿಗೆ ನೆನಪಾಗಲಿಲ್ಲ.

"ಏನ್ರೀ ಇದು ಅನ್ಯಾಯ!" ಎಂದು ಟೊಮೆಟೊದವನು ಏರಿಬಂದ.

"ಅನ್ಯಾಯ ಅಲ್ಲಣ್ಣ, ಶಿಸ್ತು!" ಎಂದು ಡಾಕ್ಟರು ಅಡ್ಡ ನಿಂತರು. "ಒಂದೇ ಮಾತಿಗೆ ಇಡೀ ಊರು ನಿಲ್ಲಿಸಿದ್ರು. ಇಂಥೋರು ಪಾರ್ಲಿಮೆಂಟಲ್ಲಿದ್ರೆ ಹೇಗಿರುತ್ತೆ, ಯೋಚನೆ ಮಾಡು." ದರ್ಜಿಯೂ ಟೀಚರಮ್ಮನೂ ಮಂಡಿಯೂರಿ ಟೊಮೆಟೊ ಆರಿಸಿದರು. ಇಷ್ಟು ನಿಷ್ಠೆಯನ್ನು ಕ್ಯಾಪ್ಟನ್ನರು ತಮ್ಮ ಪಲ್ಟನ್ನಿನಲ್ಲೂ ಕಂಡಿರಲಿಲ್ಲ.

ಸಂಜೆ ಬೀದಿಯಲ್ಲೇ ಕೃತಜ್ಞತಾ ಸಭೆ. ದರ್ಜಿಯ ಬಟ್ಟೆ ಕತ್ತರಿಸುವ ಮೇಜೇ ವೇದಿಕೆ. ಕ್ಯಾಪ್ಟನ್ನರು ಹತ್ತಿ ನಿಂತರು.

"ನನಗೆ ಭಾಷಣ ಬರಲ್ಲ," ಎಂದರು. "ಕೆಲಸಕ್ಕೆ ಬಾರದೋನು ಅಂದ್ಕೊಂಡಿದ್ದೆ ನನ್ನನ್ನ ನಾನು. ನೀವು ಮನುಷ್ಯನನ್ನಾಗಿ ಮಾಡಿದ್ರಿ. ಈ ಋಣ ತೀರಿಸೋಕೆ ಆಗಲ್ಲ." ಕಣ್ಣೊರೆಸಿಕೊಂಡರು. "ಆದ್ರೆ ನಾನು ಹೋದ್ಮೇಲೆ ನಿಮ್ಮನ್ನ ಎಬ್ಬಿಸೋರು ಯಾರು? ಅದೇ ಚಿಂತೆ ಆಗಿತ್ತು. ಇನ್ನು ಚಿಂತೆ ಬೇಡ. ನಾನು ಗೆದ್ರೆ, ನಮ್ಮ ಪಲ್ಟನ್ನಿನ ಬ್ಯೂಗಲ್ಲಿನವನು ಬಂದು ನಮ್ಮನೇಲೇ ಇರ್ತಾನೆ. ನನ್ನ ಸೀಟಿ ಬೀದಿ ತುದೀವರೆಗೆ ಕೇಳುತ್ತೆ, ಅವನ ಬ್ಯೂಗಲ್ ಸೇತುವೆ ಆಚೆಗೂ ಕೇಳುತ್ತೆ! ಮಧ್ಯಾಹ್ನವೂ ಅಭ್ಯಾಸ ಬಿಡೋನಲ್ಲ."

ಚಪ್ಪಾಳೆ ಬರಲಿಲ್ಲ. ಡಾಕ್ಟರ ಬಾಯಿ ಅವರದೇ ರೋಗಿಯ ಬಾಯಂತೆ ತೆರೆದುಕೊಂಡಿತು. ದರ್ಜಿ ಅಳತೆಯ ಟೇಪನ್ನು ಕೊರಳಿಗೆ ಇನ್ನೊಂದು ಸುತ್ತು ಸುತ್ತಿಕೊಂಡ. ಮಾತು ಹೊರಡದಷ್ಟು ಸಂತೋಷ ಪಾಪ, ಎಂದುಕೊಂಡರು ಕ್ಯಾಪ್ಟನ್ನರು. ಅಜ್ಜ ಮಾತ್ರ ಏನೂ ಕೇಳಿಸದೆ, ತುಟಿಗಳ ಆಟ ನೋಡಿ ನಗುತ್ತ ಸೆಲ್ಯೂಟ್ ಹೊಡೆದರು.

ಮತದಾನವಾಯಿತು, ಎಣಿಕೆಯೂ ಆಯಿತು. ಉಳಿದ ಕಡೆಯ ಮಾತಿರಲಿ, ಅವರದೇ ಬೀದಿಯ ಮತಗಟ್ಟೆಯಲ್ಲಿ ಸೀಟಿಗೆ ಬಿದ್ದದ್ದು ಒಂದೇ ಒಂದು ಓಟು.

"ನಿಂದೊಂದಾದ್ರೂ ಬಂತಲ್ಲೇ," ಎಂದರು ಕ್ಯಾಪ್ಟನ್ನರು ಹೆಂಡತಿಗೆ.

"ನಂದಲ್ಲ. ರಾಜಧಾನೀಲಿ ನಿಮ್ಮ ಸೀಟಿಗೆ ಏಳೋಕೆ ನಾನೊಬ್ಳೇ ಅಲ್ವಾ ಇರ್ತಿದ್ದಿದ್ದು? ನೀವೇ ಹಾಕ್ಕೊಂಡಿರ್ಬೇಕು."

"ನಾನು ಎದುರಾಳಿಗೆ ಹಾಕ್ದೆ ಕಣೆ. ಇಂಥ ಜನರನ್ನ ಬಿಟ್ಟು ಹೋಗೋಕೆ ಕೈ ಬರ್ಲಿಲ್ಲ. ನೋಡು, ಅವ್ರಿಗೂ ನನ್ನನ್ನ ಕಳಿಸೋಕೆ ಮನಸ್ಸಾಗ್ಲಿಲ್ಲ!"

ಹೆಂಡತಿ ಅವರ ಮುಖವನ್ನೇ ನೋಡಿದಳು. ಹೇಳಬೇಕೆಂದಿದ್ದನ್ನು ನುಂಗಿಕೊಂಡು, "ಹೌದ್ರೀ," ಎಂದಳು. "ಆ ಒಂದು ಓಟು ಅಜ್ಜಂದೇ ಇರ್ಬೇಕು."

ಕ್ಯಾಪ್ಟನ್ನರು ನೇರ ಹೋಗಿ ಅಜ್ಜನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. ಅಜ್ಜನೂ ಖುಷಿಯಿಂದ ಬೆನ್ನು ತಟ್ಟಿದರು. ಆಗಲೇ ಕ್ಯಾಪ್ಟನ್ನರ ಗೇಟಿನ ಮುಂದೆ ಟ್ರಂಕು, ಹಾಸಿಗೆಯ ಸುರುಳಿ ಸಮೇತ ಒಬ್ಬ ದಪ್ಪ ಮೀಸೆಯ ಮನುಷ್ಯ ಬಂದಿಳಿದ.

"ನೀವು ಗೆಲ್ಲೋದು ಗ್ಯಾರಂಟಿ ಅಂತ ನನ್ನ ಮನೆ ಬಿಟ್ಟುಕೊಟ್ಬಂದೆ ಸಾರ್," ಎಂದ ಬ್ಯೂಗಲ್ಲಿನವನು. "ಈಗೆಲ್ಲಿಗೆ ಹೋಗ್ಲಿ?"

"ಹೋಗೋದೆಲ್ಲಿಗೆ? ಇಲ್ಲೇ ಇರು," ಎಂದರು ಕ್ಯಾಪ್ಟನ್ನರು. "ನಾಳೆಯಿಂದ ಇಬ್ರೂ ಸೇರಿ ಈ ಬೀದಿಯ ಋಣ ತೀರಿಸೋಣ."

ಮರುದಿನ ಬೆಳಗಿನ ಜಾವ ಸೀಟಿಯೂ ಬ್ಯೂಗಲ್ಲೂ ಒಟ್ಟಿಗೆ ಮೊಳಗಿದವು. ಕಿಟಕಿಯ ಗಾಜುಗಳು ನಡುಗಿದವು. ವರಾಂಡದಲ್ಲಿ ಅಜ್ಜ ಕುರ್ಚಿಯಿಂದ ಎದ್ದೇಬಿಟ್ಟು, ಎರಡೂ ಕಿವಿಗೆ ಬೆರಳು ತುರುಕಿಕೊಂಡು ಕೂಗಿದರು:

"ಲೋ ಮಗಾ! ಏನೋ ಇದು ಗಲಾಟೆ? ಈ ಕ್ಯಾಪ್ಟನ್ನು ದಿನಾ ಮಾಡ್ತಿದ್ದದ್ದು ಇದೇನಾ? ಮುಂದಿನ ಸಲ ನನ್ನ ಓಟಿಲ್ಲ ಅಂತ ಹೇಳ್ಬಿಡು!"