ದೇವಕ್ಕನ ಬೈಗುಳದ ಇಂಗ್ಲಿಷ್ ಪ್ರತಿ

ಒಂದು ಸಂಗತಿಯನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನಗೆ ಬರುವ ಇಂಗ್ಲಿಷಿನಲ್ಲಿ ಒಳ್ಳೆಯ ಮನುಷ್ಯರು ಬಹಳ ಕಡಿಮೆ. ಹಿರಿಯರಿಂದ ಭಾಷೆ ಕಲಿತರೆ ಅವರ ಸಹವಾಸವೂ ಅದರ ಜೊತೆಗೇ ಬರುತ್ತದೆ. ಕನ್ನಡವನ್ನು ನಾನು ಅಜ್ಜಿಯಿಂದ ಕಲಿತೆ; ಅದರಲ್ಲಿ ದೇವರು, ದನ, ಹಪ್ಪಳ, ನೆಂಟರು ಎಲ್ಲ ಇದ್ದಾರೆ. ಇಂಗ್ಲಿಷನ್ನು ಕಲಿಸಿದವರು ಸೋದರಮಾವ. ಅವರು ಕಾಸರಗೋಡಿನಲ್ಲಿ ಒಬ್ಬ ವಕೀಲರ ಗುಮಾಸ್ತರು. ಹಾಗಾಗಿ ಅಜ್ಜಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆಂದು ತಿಳಿಯುವ ಮೊದಲೇ ನನಗೆ ಕಲ್ಪ್ರಿಟ್, ಬರ್ಗ್ಲರ್, ಡಕಾಯಿಟ್, ಅಬ್ಸ್ಕಾಂಡರ್ ಎಲ್ಲರೂ ಪರಿಚಿತರಾಗಿದ್ದರು. ಅತ್ತೆ ಉಪ್ಪಿನಕಾಯಿಯ ಮಾವಿನಮಿಡಿಗಳನ್ನು ಬೇರೆಬೇರೆ ಗುಡ್ಡೆ ಮಾಡುವಂತೆ ಮಾವ ಕಳ್ಳರನ್ನು ಬೇರ್ಪಡಿಸಿ ತೋರಿಸುತ್ತಿದ್ದರು. ಸುಮ್ಮನೆ ಎತ್ತಿಕೊಂಡು ಹೋದರೆ ಥೆಫ್ಟ್, ಹೆದರಿಸಿ ಕಿತ್ತುಕೊಂಡರೆ ರಾಬರಿ, ಅದಕ್ಕೂ ದೊಡ್ಡದು ಡಕಾಯಿಟಿ. ಎಲ್ಲಕ್ಕಿಂತ ನನಗೆ ಹಿಡಿಸಿದ್ದು ನಟೋರಿಯಸ್. ಬಾಯಿತುಂಬ ಹೇಳುವಂಥ ಪದ.

ವರ್ಕಾಡಿಯ ಶಾಲೆಯಲ್ಲಿ ಮಾಷ್ಟ್ರಾದ ಮೇಲೆ ಈ ಸಂಪತ್ತನ್ನು ಖರ್ಚು ಮಾಡಲು ದಾರಿಯೇ ಇರಲಿಲ್ಲ. ಮಗ್ಗಿ ಹೇಳುವ ಮಕ್ಕಳ ಮುಂದೆ ಡಕಾಯಿಟಿಗೆ ಏನು ಕೆಲಸ? ಮದರಾಸು ಸರಕಾರದ ಸಂಬಳಕ್ಕೆ ಕನ್ನಡವೇ ಸಾಕಾಗಿತ್ತು.

ಶಾಲೆಯ ಬೇಲಿಗೆ ತಾಗಿ ದೇವಕ್ಕನ ಮನೆ. ಅರುವತ್ತು ದಾಟಿದ ದೇವಕ್ಕನಿಗೆ ಬೈಗುಳದಲ್ಲಿ ನಾಲ್ಕೂರಿಗೆ ಒಂದೇ ಹೆಸರು. ಕಾಗೆಗೊಂದು, ನೆರೆಯವರ ಕರುವಿಗೊಂದು, ಮಳೆಗೊಂದು, ಹೀಗೆ ಒಮ್ಮೆ ಆಡಿದ್ದನ್ನು ಇನ್ನೊಮ್ಮೆ ಆಡಿದವರಲ್ಲ. ತೊಂದರೆ ಏನೆಂದರೆ ನನ್ನ ಮಕ್ಕಳು ಪದ್ಯಕ್ಕಿಂತ ಬೇಗ ಅವನ್ನು ಬಾಯಿಪಾಠ ಮಾಡುತ್ತಿದ್ದರು. ಒಂದು ದಿನ ಧೈರ್ಯ ತಂದುಕೊಂಡು ಹೋಗಿ, ಮಕ್ಕಳ ಭವಿಷ್ಯ, ನಾಗರಿಕತೆ ಎಂದು ಅರ್ಧ ಗಂಟೆ ಉಪನ್ಯಾಸ ಕೊಟ್ಟೆ. ದೇವಕ್ಕ ದೊಡ್ಡ ಮನಸ್ಸಿನವರು. "ಆಯಿತು ಮಾಷ್ಟ್ರೇ, ಇನ್ನು ಬಾಯಿ ಬಿಟ್ಟರೆ ಕೇಳಿ" ಎಂದು ದೀಪದ ಮುಂದೆ ಮಾತು ಕೊಟ್ಟರು. ಅದು ಚೌತಿಗೆ ಎರಡು ದಿನ ಮೊದಲು ಎಂಬುದು ನನಗೆ ಹೊಳೆಯಲಿಲ್ಲ.

ಚೌತಿಯ ಚಂದ್ರನನ್ನು ಕಂಡವರಿಗೆ ಕಳ್ಳನೆಂಬ ಅಪವಾದ ತಪ್ಪದು ಎನ್ನುವುದು ಎಲ್ಲರಿಗೂ ಗೊತ್ತು. ನಮ್ಮ ಕಡೆ ಅದಕ್ಕೊಂದು ಮದ್ದೂ ಉಂಟು. ಕಂಡವನು ನೆರೆಮನೆಯಿಂದ ಏನಾದರೂ ಸಣ್ಣದನ್ನು ಕದಿಯಬೇಕು, ಆ ಮನೆಯವರು ಹೊಟ್ಟೆತುಂಬ ಬೈಯಬೇಕು. ಬೈಗುಳ ಬಿದ್ದಲ್ಲಿಗೆ ದೋಷ ಕಳೆಯಿತು. ಆ ವರ್ಷ ಚಂದ್ರನನ್ನು ಕಂಡವನು ಆಚೆಮನೆಯ ಐತಪ್ಪಣ್ಣ. ಅವನ ಮಗಳು ಗಿರಿಜೆಯನ್ನು ನೋಡಲು ಕುಂಜತ್ತೂರಿನಿಂದ ಗಂಡಿನ ಕಡೆಯವರು ಮುಂದಿನ ವಾರ ಬರುವವರಿದ್ದರು. ಅಂಥ ಹೊತ್ತಿನಲ್ಲಿ ಅಪವಾದ ತಲೆಯ ಮೇಲಿದ್ದರೆ ಆದೀತೇ? ಬೈಗುಳವೆಂದಮೇಲೆ ಒಳ್ಳೆಯ ಕಡೆಯೇ ಆಗಲಿ ಎಂದು ಅವನು ದೇವಕ್ಕನ ಚಾವಡಿಗೆ ಬಂದು, ಮಳೆಗಾಲಕ್ಕೆಂದು ಬಾಳೆನಾರಿನಲ್ಲಿ ಕಟ್ಟಿ ಮಾಡಿನ ಜಂತಿಗೆ ತೂಗಹಾಕಿದ್ದ ಸೌತೆಕಾಯಿಗಳಲ್ಲಿ ಎರಡನ್ನು ಬಿಚ್ಚಿಕೊಂಡು ಹೋದ. ಬೆಳಿಗ್ಗೆ ಬಂದು ಅಂಗಳದ ಮೂಲೆಯಲ್ಲಿ ಭಕ್ತಿಯಿಂದ ನಿಂತ.

ದೇವಕ್ಕ ಮೇಲೆ ನೋಡಿದರು, ಅವನನ್ನು ನೋಡಿದರು, ತುಟಿ ಬಿಗಿಹಿಡಿದು ನೇರ ಶಾಲೆಗೆ ಬಂದರು. "ನನ್ನ ಬಾಯಿ ಕಟ್ಟಿದವರು ನೀವು. ಇವ ಬೈಸಿಕೊಳ್ಳಲಿಕ್ಕೆ ಬಂದು ನಿಂತಿದ್ದಾನೆ. ಈಗ ಎಂತ ಮಾಡುವುದು? ನನ್ನ ಬದಲಿಗೆ ನೀವೇ ಬೈಯಿರಿ. ಇಂಗ್ಲಿಷಿನಲ್ಲಿ ಬೈದರೆ ಮಕ್ಕಳಿಗೆ ತಿಳಿಯುವುದಿಲ್ಲ."

ಹಿಂದೆಯೇ ಬಂದಿದ್ದ ಐತಪ್ಪಣ್ಣನಿಗೆ ಒಂದೇ ಅನುಮಾನ. "ಇಂಗ್ಲಿಷಿನದ್ದು ಚಂದ್ರನಿಗೆ ಮುಟ್ಟುತ್ತದಾ ಮಾಷ್ಟ್ರೇ?"

"ಬಾಯಲ್ಲಿ ಹೇಳಿದರೆ ಗಾಳಿಗೆ ಹೋಗುತ್ತದೆ, ಬರೆದು ಸರಕಾರಕ್ಕೆ ಕಳುಹಿಸಿದರೆ ಖಂಡಿತ ಮುಟ್ಟುತ್ತದೆ" ಎಂದೆ. ಅದನ್ನು ಹೇಳಿದ್ದು ನಾನಲ್ಲ, ನನ್ನೊಳಗೆ ವರ್ಷಗಟ್ಟಲೆ ಕೆಲಸವಿಲ್ಲದೆ ಕುಳಿತಿದ್ದ ಡಕಾಯಿಟಿ. ಆ ಮಧ್ಯಾಹ್ನ ಎರಡು ಹಾಳೆ ತುಂಬಿಸಿದೆ. ನಟೋರಿಯಸ್ ಕ್ರಿಮಿನಲ್ ಐತಪ್ಪ, ಹ್ಯಾಬಿಚುವಲ್ ಅಫೆಂಡರ್, ಟ್ರೆಸ್‌ಪಾಸ್, ರಾಬರಿ, ಕೊನೆಯಲ್ಲಿ ಡಕಾಯಿಟಿ. ಇಂಗ್ಲಿಷಿನಲ್ಲೇ ಓದಿ ಹೇಳಿದಾಗ ಐತಪ್ಪಣ್ಣ ಕೈಮುಗಿದು ಕೇಳಿದ. ದೇವಕ್ಕ ಹೆಬ್ಬೆಟ್ಟು ಒತ್ತಿದರು. ನಾನೇ ಮಂಜೇಶ್ವರಕ್ಕೆ ಹೋಗಿ ಪೊಲೀಸ್ ಸ್ಟೇಷನ್ನಿನ ವಿಳಾಸಕ್ಕೆ ಅಂಚೆಗೆ ಹಾಕಿ ಬಂದೆ.

ಕನ್ನಡದಲ್ಲಿ ಬರೆದಿದ್ದರೆ ಸ್ಟೇಷನ್ನಿನಲ್ಲಿ ನಕ್ಕು ಬದಿಗಿಡುತ್ತಿದ್ದರು. ಇಂಗ್ಲಿಷ್ ಅರ್ಜಿಯನ್ನು ನೋಡಿ ನಗುವ ಧೈರ್ಯ ಆ ಕಾಲದಲ್ಲಿ ಯಾರಿಗೂ ಇರಲಿಲ್ಲ. ಮೂರನೆಯ ದಿನ ಒಬ್ಬ ಹೆಡ್ ಕಾನ್‌ಸ್ಟೇಬಲ್ ಬಂದರು. ಬಳ್ಳಾರಿ ಕಡೆಯವರು, ನಮ್ಮ ಊರಿಗೆ ಹೊಸಬರು. ದೇವಕ್ಕನ ಅಂಗಳದಲ್ಲಿ ಬೆಂಚು ಹಾಕಿಸಿ ಕುಳಿತು, ಐತಪ್ಪಣ್ಣನನ್ನೂ ನನ್ನನ್ನೂ ಕರೆಸಿದರು.

"ಡಕಾಯಿಟಿಗೆ ಐದು ಮಂದಿ ಬೇಕ್ರಿ ಮಾಸ್ತರ. ಇಲ್ಲಿ ಒಬ್ಬನ ಹೆಸರೈತಿ. ಉಳಿದ ನಾಲ್ವರು ಎಲ್ಲಿ?"

ಮಾವ ಸಂಖ್ಯೆಯನ್ನೂ ಹೇಳಿದ್ದರೋ ಏನೋ, ನನಗೆ ಪದದ ಗಾತ್ರ ಮಾತ್ರ ನೆನಪಿತ್ತು.

"ಇರಲಿ. ಕದ್ದ ಮಾಲು ಎಲ್ಲೈತಿ?"

"ಅದರ ಹುಳಿ ಮಾಡಿ ಮೂರು ಮನೆಗೆ ಕೊಟ್ಟಿದ್ದೇವೆ ಸ್ವಾಮೀ" ಎಂದ ಐತಪ್ಪಣ್ಣ. "ಮಾಷ್ಟ್ರು ಎರಡು ಸಲ ಹಾಕಿಸಿಕೊಂಡರಂತೆ."

ಹೆಡ್ಡು ನನ್ನನ್ನು ನೋಡಿದರು. ಕದ್ದ ಮಾಲೆಂದು ತಿಳಿದೂ ತಿಂದವನಿಗೆ ಇಂಗ್ಲಿಷಿನಲ್ಲಿ ಒಂದು ಪದ ಉಂಟು. ಅದು ನನಗೆ ಬರುತ್ತಿತ್ತು. ಆದರೆ ಹೇಳಲಿಲ್ಲ.

ಅವರು ಎದ್ದುನಿಂತು, "ನಡಿಯಪ್ಪಾ, ಸ್ಟೇಷನ್ನಿಗೆ. ಸಾಹೇಬರ ಮುಂದೆ ಹೇಳುವಿಯಂತೆ" ಎಂದಾಗ ಐತಪ್ಪಣ್ಣನ ಮುಖ ಬಿಳಿಚಿತು. "ನಾಡಿದ್ದು ಕುಂಜತ್ತೂರಿನವರು ಬರುತ್ತಾರೆ" ಎಂದಷ್ಟೇ ಹೇಳಿದ. ನಾನು ಚಂದ್ರನ ಕತೆ ಶುರುಮಾಡಿದೆ. ಹೆಡ್ಡು ಕೈಯಲ್ಲಿದ್ದ ಕಾಗದವನ್ನು ತಟ್ಟಿ, "ಇದರಾಗ ಚಂದ್ರ ಇಲ್ಲಲ್ರಿ" ಎಂದರು.

ದೇವಕ್ಕ ನನ್ನತ್ತ ತಿರುಗಿದರು. "ಅದರಲ್ಲಿ ಎಂತ ಬರೆದಿದ್ದೀರಿ? ಕನ್ನಡದಲ್ಲಿ ಹೇಳಿ."

ಹೇಳಿದೆ. ಇಂಗ್ಲಿಷಿನಲ್ಲಿ ಅಷ್ಟು ಗಂಭೀರವಾಗಿದ್ದ ಪದಗಳು ಆ ಅಂಗಳದಲ್ಲಿ ಒಂದೊಂದಾಗಿ ಬಿದ್ದಂತೆ ನನಗೇ ನಾಚಿಕೆಯಾಯಿತು. ಅಜ್ಜಿ ನನ್ನನ್ನು ಎತ್ತಿಕೊಂಡಾಗಲೂ ಕಳ್ಳ ಎನ್ನುತ್ತಿದ್ದರು, ಪೋಕರಿ ಎನ್ನುತ್ತಿದ್ದರು. ಮಾವನ ಪದಗಳಲ್ಲಿ ಯಾರನ್ನೂ ಎತ್ತಿಕೊಳ್ಳಲು ಬರುವುದಿಲ್ಲ.

"ಕುಖ್ಯಾತನಾ? ಇವನಾ?" ದೇವಕ್ಕನ ದನಿ ಮೇಲೇರಿತು. "ನನ್ನ ಗಂಡ ಕಾಯಿಲೆ ಬಿದ್ದು ಮಲಗಿದಲ್ಲಿಗೇ ಆದಾಗ ಮಂಚ ಹೊತ್ತು ಆಸ್ಪತ್ರೆಗೆ ನಡೆದವ ಇವ." ಮತ್ತೆ ದೀಪದ ಕಡೆಗೊಮ್ಮೆ ನೋಡಿ, ಕೊಟ್ಟ ಮಾತನ್ನು ಬದಿಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. "ಏ ಐತಪ್ಪಾ, ಆ ಸೌತೆಕಾಯಿ ನಿನ್ನ ಹೊಟ್ಟೆಯಲ್ಲಿ ಮೊಳೆತು ಬಳ್ಳಿಯಾಗಿ ಮೂಗಿನಲ್ಲಿ ಹೂ ಬಿಡಲಿ. ನಿನ್ನ ಮೀಸೆಯಲ್ಲಿ ಗೀಜಗ ಸಂಸಾರ ಹೂಡಲಿ" ಎಂದು ಶುರುವಾದದ್ದು ಐತಪ್ಪಣ್ಣನ ಮುತ್ತಜ್ಜನವರೆಗೆ ಹೋಗಿ, ಅಲ್ಲಿ ಸ್ವಲ್ಪ ಉಸಿರು ತೆಗೆದುಕೊಂಡು ಮತ್ತೆ ಕೆಳಗೆ ಇಳಿಯಿತು. ಒಂದು ವಾರದ ಬಾಕಿ. ಶಾಲೆಯ ಮಕ್ಕಳು ಬೇಲಿಗೆ ಬಂದು ಸಾಲಾಗಿ ನಿಂತರು. ಐತಪ್ಪಣ್ಣ ಮಾತ್ರ ಬಿಸಿನೀರು ಹೊಯ್ಯಿಸಿಕೊಳ್ಳುವವನ ಹಾಗೆ ಕಣ್ಣುಮುಚ್ಚಿ ನಿಂತಿದ್ದ. ಮುಖಕ್ಕೆ ಬಣ್ಣ ಬಂದಿತ್ತು.

ಮುಗಿದಾಗ ಹೆಡ್ಡು ಬೆಂಚಿನಲ್ಲಿ ಕುಳಿತಿದ್ದರು. ಪೆನ್ಸಿಲು ತೆಗೆದು, "ಇದಕ್ಕಿಂತ ಹೆಚ್ಚಿನ ಶಿಕ್ಷೆ ನಮ್ಮ ಪುಸ್ತಕದಾಗ ಇಲ್ಲಬಿಡ್ರಿ" ಎಂದು, ಫಿರ್ಯಾದಿಯೇ ರಾಜಿ ಮಾಡಿಕೊಂಡಿದ್ದಾರೆಂದು ಬರೆದು ದೇವಕ್ಕನ ಹೆಬ್ಬೆಟ್ಟು ತೆಗೆದುಕೊಂಡರು. ಹೊರಡುವಾಗ ಅವರ ಕೈಯಲ್ಲೂ ಒಂದು ಸೌತೆಕಾಯಿ ಇತ್ತು. ಅದು ಕೊಟ್ಟದ್ದು. ಕುಂಜತ್ತೂರಿನವರು ಬಂದರು, ಗಿರಿಜೆಯನ್ನು ಒಪ್ಪಿದರು. ಮದುವೆಯ ಕಾಗದ ಬರೆಯಲು ಐತಪ್ಪಣ್ಣ ನನ್ನ ಬಳಿಗೇ ಬಂದ. "ಕನ್ನಡದಲ್ಲಿ, ಆಯಿತಾ" ಎಂದು ಎರಡು ಸಲ ಹೇಳಿ ಹೋದ.

ಮರುವರ್ಷ ಚೌತಿಯ ಸಂಜೆ ಶಾಲೆಯ ಬೀಗ ಹಾಕಿ ತಲೆಯೆತ್ತಿದರೆ ಎದುರಿಗೇ ಚಂದ್ರ. ನಂಬುವವನಲ್ಲ ನಾನು. ಆದರೂ ಕಾಲುಗಳು ದೇವಕ್ಕನ ಚಾವಡಿಗೆ ಹೋದವು. ಬೆಂಚು ಹತ್ತಿ ಬಾಳೆನಾರಿಗೆ ಕೈಹಾಕಿದ್ದೆ, ಒಳಗಿಂದ ದೀಪ ಹಿಡಿದುಕೊಂಡು ದೇವಕ್ಕ ಬಂದರು. ನಾನು ಬೈಗುಳಕ್ಕೆ ತಲೆಬಾಗಿಸಿ ನಿಂತೆ.

"ಅದು ಕಹಿ ಮಾಷ್ಟ್ರೇ, ಈಚೆಯದ್ದನ್ನು ತೆಗೆದುಕೊಳ್ಳಿ" ಎಂದರು.

"ನಾನು ಕದಿಯಲಿಕ್ಕೆ ಬಂದದ್ದು ದೇವಕ್ಕ. ಚಂದ್ರನನ್ನು ನೋಡಿದೆ. ಎರಡು ಮಾತು ಬೈದುಬಿಡಿ."

ದೇವಕ್ಕ ದೀಪವನ್ನು ಎತ್ತಿ ನನ್ನ ಮುಖ ನೋಡಿದರು. "ನಿಮಗೆ ಬೈಯಲಿಕ್ಕೆ ನನಗೆ ಇಂಗ್ಲಿಷು ಬರುವುದಿಲ್ಲವಲ್ಲ" ಎಂದು ಹೇಳಿ ಒಳಗೆ ಹೋದರು.