ಕರೆವ್ವನಿಗೆ ಮನೆ ನೋಡಿದ್ದು

ನನ್ನ ಸೋದರತ್ತೆಯನ್ನು ವರ ನೋಡಲು ಕಳಿಸುತ್ತಿದ್ದರೆ ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕುಗಳ ಅರ್ಧ ಹೆಣ್ಣುಮಕ್ಕಳು ಮದುವೆಯಾಗದೇ ಉಳಿಯುತ್ತಿದ್ದರು. ಉಳಿದು ಸುಖವಾಗಿಯೂ ಇರುತ್ತಿದ್ದರು! ಆದರೆ ಅವಳನ್ನು ಕಳಿಸುವವರು ಯಾರು? ಎಳೆಯ ವಯಸ್ಸಿನಲ್ಲೇ ಅವಳನ್ನು ಜೇವರ್ಗಿ ಕಡೆಯ ಒಂದು ಮನೆಗೆ ಕೊಟ್ಟಿದ್ದರು. ಕೆಲವು ವರ್ಷ ಬಾಳಿ, ಒಂದು ಬೇಸಗೆಯಲ್ಲಿ ಬರಿಗೈಯಿಂದ ನಡೆದುಕೊಂಡು ತವರಿಗೆ ಬಂದುಬಿಟ್ಟಳು. "ಕೊಟ್ಟ ಹೆಣ್ಣು ಕುಲಕ್ಕ ಹೊರಗ" ಎಂದು ಅಜ್ಜಿ ಬಾಗಿಲಲ್ಲೇ ಹೇಳಿದಳಂತೆ. ಒಳಗೆ ಬಿಟ್ಟುಕೊಂಡಳು, ಆದರೆ ಬಾ ಎನ್ನಲಿಲ್ಲ. ಗಂಡನ ಮನೆ ಬಿಟ್ಟವಳನ್ನು ಮದುವೆ ಮಾತಿಗೆ ಯಾರು ಕೂರಿಸಿಕೊಳ್ಳುತ್ತಾರೆ? ಹೀಗಾಗಿ ಅತ್ತೆ ಕೇಳಬೇಕಾದ ಪ್ರಶ್ನೆಗಳೆಲ್ಲ ಅವಳ ಹೊಟ್ಟೆಯಲ್ಲೇ ಕೂಡಿಕೊಂಡಿದ್ದವು. ಅವು ಹೊರಬಿದ್ದದ್ದು ಒಂದು ನಾಯಿಯ ದೆಸೆಯಿಂದ.

ಅದು ನಿಜಾಮರ ಕಾಲ. ಬೀಡಾಡಿ ದನಗಳನ್ನು ಕೂಡಿಹಾಕುವ ಕೊಂಡವಾಡ ನಮ್ಮ ಓಣಿಯ ತುದಿಗಿತ್ತು. ಎರಡೂ ಕಣ್ಣಿಲ್ಲದ ಒಂದು ಹೆಣ್ಣುನಾಯಿ ದನಗಳ ಹಿಂದೆ ಒಳಹೊಕ್ಕು, ಹೊರಬರಲು ಬಾಗಿಲು ಸಿಗದೆ ಎಮ್ಮೆಗಳ ಕಾಲಡಿ ಒದೆಸಿಕೊಳ್ಳುತ್ತಿತ್ತು. ಅದನ್ನು ಬಿಡಿ ಎಂದು ಅತ್ತೆ ಅಲ್ಲಿನ ಕಾರಕೂನನನ್ನು ಕೇಳಿದಳು.

"ದನಕ್ಕಾದ್ರ ದಂಡ ತಗೊಂಡು ಬಿಡ್ತೀವ್ರಿ. ನಾಯಿಗಿ ದಂಡ ಎಷ್ಟಂತ ಕಾಯ್ದೆದಾಗ ಇಲ್ಲ. ಬಿಡಾಕ ಬರೂದಿಲ್ರಿ."

"ನಾಯಿ ಹಿಡೀರಿ ಅಂತ ಕಾಯ್ದೆದಾಗ ಅದ ಏನ್ರಿ?"

ಕಾರಕೂನ ಇನ್ನೂ ಯೋಚಿಸುತ್ತಿರುವಾಗಲೇ ನಾಯಿ ಅತ್ತೆಯ ಸೆರಗಿನೊಳಗಿತ್ತು. ಕಪ್ಪಗಿದ್ದುದರಿಂದ ಕರೆವ್ವ ಎಂದು ಹೆಸರಿಟ್ಟಳು.

ಕರೆವ್ವ ನಮ್ಮ ಮನೆಯಲ್ಲಿ ಬಹಳ ದಿನ ಬಾಳಲಿಲ್ಲ. ಒಂದು ಬೆಳಿಗ್ಗೆ ಅಜ್ಜಿ ಲಿಂಗಪೂಜೆಗೆ ಕಣ್ಣು ಮುಚ್ಚಿ ಕೂತಿದ್ದಳು. ಕರೆವ್ವನಿಗಂತೂ ಕಣ್ಣೇ ಇಲ್ಲ. ಒಬ್ಬರಿಗೊಬ್ಬರು ಕಾಣದೆ ಒಂದಾದರು, ನೇರ ಅಜ್ಜಿಯ ತೊಡೆಯ ಮೇಲೆ! ಅಜ್ಜಿ ಎರಡನೆಯ ಸಲ ಸ್ನಾನ ಮಾಡಿ ಬಂದು ತೀರ್ಪು ಕೊಟ್ಟಳು: "ಅಮಾಸಿ ಒಳಗ ಇದು ಮನಿ ಬಿಡಬೇಕು. ಇಲ್ಲಂದ್ರ ನಾನೇ ಬಜಾರಕ್ಕ ಬಿಟ್ಟು ಬರ್ತೇನಿ." ಬಜಾರದ ತುಂಬ ಹತ್ತಿಯ ಬಂಡಿಗಳು. ಅಲ್ಲಿ ಕುರುಡು ನಾಯಿ ಒಂದು ಹೊತ್ತು ಬದುಕಿದರೆ ಹೆಚ್ಚು.

"ಯಾರಿಗರ ಕೊಟ್ಟು ಬಂದ್ರಾಯ್ತು ಅತ್ತಿ" ಎಂದೆ ನಾನು.

"ಹೆಣ್ಣು ಕೊಡೂದದ ಬೇ. ಮನಿ ನೋಡದೇ ಕೊಡ್ತಾರೇನು?"

ಸಿಕ್ಕವರ ಬಂಡಿ ಹತ್ತಿ ಮನೆ ನೋಡಲು ಹೊರಟೆವು. ಜಿಡಗಾದ ಗೌಡರು ದೊಡ್ಡ ಮನಸ್ಸಿನವರು. "ವಾಡೇದಾಗ ನಾಯಿ ಭಾಳ ಅವ, ಇದೂ ಒಂದು ಮೂಲ್ಯಾಗ ಬಿದ್ದಿರಲಿ ತಗೋವ್ವ" ಎಂದರು. ಅತ್ತೆ ಎದ್ದು ನಿಂತಳು. "ಬಿದ್ದಿರಾಕ ಕೊಂಡವಾಡಾನೇ ಇತ್ತಲ್ರಿ ಗೌಡ್ರ." ಅವರು ತರಿಸಿದ ಚಹಾ ಬರುವ ಮೊದಲೇ ನಾವು ಊರ ಅಗಸಿ ಬಾಗಿಲು ದಾಟಿದ್ದೆವು. ಚಹಾ ತಪ್ಪಿತೆಂದು ನಾನು ದಾರಿಯುದ್ದಕ್ಕೂ ಗೊಣಗಿದೆ.

ಅತನೂರಿನ ಸಾಹುಕಾರರ ಮನೆಯಲ್ಲಿ ಎಲ್ಲವೂ ಸರಿಯಿತ್ತು. ಹಾಲು, ಮೊಸರು, ನೆರಳು, ನಾಯಿಗೆಂದೇ ಒಂದು ಗೋಣಿತಟ್ಟು. ಬಿಸಿ ರೊಟ್ಟಿ, ತೊಗರಿಬೇಳೆ ಬಡಿಸಿದರು. ನಾನು ಒಪ್ಪಿಗೆ ಕೊಟ್ಟೇಬಿಟ್ಟಿದ್ದೆ. ಅತ್ತೆ ಮಾತ್ರ ಬಡಿಸುತ್ತಿದ್ದ ಸೊಸೆಯ ಮುಖವನ್ನೇ ನೋಡುತ್ತಿದ್ದಳು.

"ನಿಮ್ಮ ಸೊಸಿ ಉಂಡಾಳೇನ್ರಿ?"

"ಅಕೀದೇನ್ ಬಿಡ್ರಿ, ಎಲ್ಲಾರದೂ ಆದ ಮ್ಯಾಲ ಉಳಿದದ್ದು ತಿಂತಾಳ" ಎಂದರು ಸಾಹುಕಾರ್ತಿ.

ಹೊರಗೆ ಬಂದು ಅತ್ತೆ ಹೇಳಿದಳು: "ಸೊಸಿಗಿ ಬಿಸಿ ರೊಟ್ಟಿ ಸಿಗಲಾರದ ಮನ್ಯಾಗ ಕುರುಡು ನಾಯಿಗಿ ಏನ್ ಸಿಕ್ಕೀತು?" ನಾನು ಕೊಟ್ಟಿದ್ದ ಒಪ್ಪಿಗೆಯನ್ನು ಅಲ್ಲೇ ಹಿಂತೆಗೆದುಕೊಂಡೆ.

ಅಮಾವಾಸ್ಯೆ ಹತ್ತಿರ ಬಂತು. ನಿಂಬರ್ಗಾದ ತೊಗರಿ ಹೊಲವೊಂದರಲ್ಲಿ ಕಾವಲಿದ್ದ ಕೂಲಿ ದಂಪತಿಗಳನ್ನು ಕಂಡೆವು. ಗಂಡ ಹೆಂಡತಿ ಒಂದೇ ಗಂಗಾಳದಲ್ಲಿ ಉಣ್ಣುತ್ತಿದ್ದರು. ಅತ್ತೆ ಅದನ್ನು ನೋಡಿ ನನ್ನ ಕೈ ಚಿವುಟಿದಳು. ಕುರುಡು ನಾಯಿಯ ವಿಷಯ ಹೇಳಿ, ಪ್ರಶ್ನೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಆ ಹೆಣ್ಣುಮಗಳೇ ಶುರು ಮಾಡಿದಳು.

"ರೊಟ್ಟಿ ನೆನಸಿ ಹಾಕಬೇಕೇನ್ರಿ? ಎಲ್ಲಿ ಮುಟ್ಟಿದ್ರ ಅಂಜ್ತದ? ನೀರಿನ ಬೋಗುಣಿ ದಿನಾ ಒಂದೇ ಜಾಗಾದಾಗ ಇಡ್ತೇನಿ, ಆಗ್ತದಲ್ರಿ?"

ಗಂಡ ಸೇರಿಸಿದ: "ಅದರ ಹತ್ತರ ಬರೂ ಮೊದಲ ಕೆಮ್ಮತೇನ್ರಿ. ಅದಕ್ಕ ಗೊತ್ತಾಗ್ತದ."

ಪ್ರಶ್ನೆ ಕೇಳಲು ಬಂದ ಅತ್ತೆ ಕೂತು ಒಂದೊಂದಕ್ಕೂ ಉತ್ತರ ಹೇಳಿದಳು. ಸಂಬಂಧ ಗಟ್ಟಿಯಾಯಿತು!

ಕರೆವ್ವನನ್ನು ಕಳಿಸುವ ದಿನ ಬಂಡಿ ಬಾಗಿಲಿಗೆ ಬಂತು. ನನ್ನ ಅಪ್ಪನಿಗೆ ನಗು. "ಒಂದು ನಾಯಿಗಿ ಇಷ್ಟೆಲ್ಲ ನೋಡಬೇಕೇನು ತಂಗಿ?"

ಅತ್ತೆ ಗೋಣಿತಟ್ಟು ಹಾಸುತ್ತಲೇ ಹೇಳಿದಳು: "ನನಗ ಯಾರೂ ನೋಡಲಿಲ್ಲಲ್ಲೋ ಅಣ್ಣಾ."

ಒಳಗೆ ಅಜ್ಜಿ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಬಂಡಿ ಹೊರಡಬೇಕು, ಅಷ್ಟರಲ್ಲಿ ಅಜ್ಜಿ ಹೊರಗೆ ಬಂದಳು. ಕೈಯಲ್ಲಿ ಬಟ್ಟೆಯಲ್ಲಿ ಕಟ್ಟಿದ ಬುತ್ತಿ, ಮಗಳನ್ನು ಗಂಡನ ಮನೆಗೆ ಕಳಿಸುವಾಗ ಕಟ್ಟುವಂಥದ್ದು. ಅದನ್ನು ಅತ್ತೆಯ ಮಡಿಲಿಗಿಟ್ಟಳು.

"ಕೊಟ್ಟೀವಿ ಅಂತ ಬಿಟ್ಟು ಬರಬ್ಯಾಡ. ಹೋಗಿ ನೋಡ್ಕೋತ ಇರು. ಅಲ್ಲಿ ಸರಿಬರಲಿಲ್ಲಂದ್ರ ತಿರುಗಿ ಬರಲಿ. ಇದು ಅಕೀ ಮನೀನೇ ಅದ."

ಹಾಗೆನ್ನುವಾಗ ಅಜ್ಜಿಯ ಕೈ ನಾಯಿಯ ಮೇಲಿರಲಿಲ್ಲ, ಅತ್ತೆಯ ತಲೆಯ ಮೇಲಿತ್ತು. ಊರೂರು ತಿರುಗಿ ಎಲ್ಲರಿಗೂ ಪ್ರಶ್ನೆ ಕೇಳಿದವಳು ಆ ಬುತ್ತಿಯನ್ನು ಎದೆಗೆ ಹಿಡಿದುಕೊಂಡು, ನಿಂಬರ್ಗಾ ಮುಟ್ಟುವತನಕ ಅಳುತ್ತಲೇ ಕೂತಿದ್ದಳು.